ಗುಡುಗು ಬಂದಾಗ ಸ್ವಿಚ್ ಆರಿಸಿದರೆ ಕಂಪ್ಯೂಟರ್ ಉಳಿಯುತ್ತದೆಯೇ?

ಮಾವಿನ ಮಳೆಯ ಕಾಲ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದಷ್ಟು ಸಂದೇಶಗಳು ತಪ್ಪದೆ ಸುತ್ತಲು ಶುರುವಾಗುತ್ತವೆ. 'ಗುಡುಗು ಕೇಳಿದ ಕೂಡಲೇ ಎಲ್ಲ ಸ್ವಿಚ್ ಆರಿಸಿ.' 'ಸ್ಪೈಕ್ ಬಸ್ಟರ್ ಇದ್ದರೆ ಭಯವಿಲ್ಲ.' 'ಸ್ಟೆಬಿಲೈಜರ್ ಹಾಕಿಸಿ, ಸಿಡಿಲು ಏನೂ ಮಾಡದು.' 'ಮೊಬೈಲ್ ಸಿಡಿಲನ್ನು ಎಳೆಯುತ್ತದೆ, ದೂರ ಇಡಿ.' ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ತಪ್ಪು. ಅರ್ಧ ನಿಜವನ್ನು ನಂಬಿ ಕೂತವರ ಮನೆಯಲ್ಲೇ ಮೋಡೆಮ್, ಟಿವಿ, ಕಂಪ್ಯೂಟರ್ ಸುಡುವುದು ಹೆಚ್ಚು.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಯ ಕಡೆ ಮನೆ ಮಾಡಿಕೊಂಡಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇವೆ. ತಲೆಯ ಮೇಲೆ ತಂತಿ, ತಂತಿಯ ಮೇಲೆ ಮರದ ಕೊಂಬೆ, ಟೆರೇಸಿನಿಂದ ಟೆರೇಸಿಗೆ ನೇತಾಡುವ ಇಂಟರ್ನೆಟ್ ಕೇಬಲ್ ಇರುವ ಯಾವ ಊರಿಗೂ ಇದು ಹೊಂದುತ್ತದೆ.

ಚುಟುಕಾಗಿ ಹೇಳುವುದಾದರೆ

ಮಳೆಗಾಲದಲ್ಲಿ ಮನೆಯ ಎಲೆಕ್ಟ್ರಾನಿಕ್ ವಸ್ತು ಸುಡಲು ಕಾರಣ ಒಂದೇ ಅಲ್ಲ. ಸಿಡಿಲಿನಿಂದ ತಂತಿಯಲ್ಲಿ ಏಳುವ ಕ್ಷಣಿಕ ಹೊಡೆತ ಬೇರೆ. ನ್ಯೂಟ್ರಲ್ ತಂತಿ ಕಡಿದು ನಿಮಿಷಗಟ್ಟಲೆ ಬರುವ ಹೆಚ್ಚಿನ ವೋಲ್ಟೇಜ್ ಬೇರೆ. ಕರೆಂಟು ಹೋಗಿ ಬಂದು ಮಾಡುವುದರಿಂದ ಆಗುವ ತೊಂದರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ಮೂರಕ್ಕೂ ಕೆಲಸ ಮಾಡುವ ಉಪಾಯ ಒಂದೇ: ಮಳೆ ಹತ್ತಿರ ಬರುವ ಮೊದಲೇ ಪವರ್ ಪ್ಲಗ್ಗನ್ನೂ ಇಂಟರ್ನೆಟ್ ಕೇಬಲ್ಲನ್ನೂ ಕಿತ್ತಿಡುವುದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಸಿಡಿಲು ಎಲ್ಲೋ ಬಡಿದರೆ ನಮ್ಮ ಮೋಡೆಮ್ ಸುಡುವುದೇಕೆ?

'ನಮ್ಮ ಮನೆಗೇನೂ ಸಿಡಿಲು ಬಡಿಯಲಿಲ್ಲ, ಆದರೂ ಮೋಡೆಮ್ ಹೋಯಿತು' ಎನ್ನುವವರು ಬಹಳ. ಇದರಲ್ಲಿ ಆಶ್ಚರ್ಯವಿಲ್ಲ.

ಒಂದು ಸಾಧಾರಣ ಸಿಡಿಲಿನಲ್ಲಿ ಹರಿಯುವ ವಿದ್ಯುತ್ ಸುಮಾರು 30,000 ಆಂಪಿಯರ್. ಮನೆಯ ಗೀಸರ್ ಎಳೆಯುವುದು 10 ಆಂಪಿಯರ್ ಆಸುಪಾಸು. ಅಷ್ಟು ದೊಡ್ಡ ಹರಿವು ಕಣ್ಣು ಮಿಟುಕಿಸುವುದಕ್ಕಿಂತ ಸಾವಿರಾರು ಪಟ್ಟು ಕಡಿಮೆ ಸಮಯದಲ್ಲಿ ಏರಿ ಇಳಿಯುತ್ತದೆ. ವಿದ್ಯುತ್ ಹೀಗೆ ತಟಕ್ಕನೆ ಬದಲಾದಾಗ ಅದರ ಸುತ್ತಲಿನ ಕಾಂತಕ್ಷೇತ್ರವೂ ತಟಕ್ಕನೆ ಬದಲಾಗುತ್ತದೆ. ಆ ಕ್ಷೇತ್ರದೊಳಗೆ ಉದ್ದವಾದ ತಂತಿ ಇದ್ದರೆ ಅದರಲ್ಲಿ ತಾನಾಗಿಯೇ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವ ಇದು. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದೂ ಇದರಿಂದಲೇ. ಹಾಗಾಗಿ ಸಿಡಿಲು ನಾಲ್ಕು ಬೀದಿ ಆಚೆಯ ತೆಂಗಿನಮರಕ್ಕೆ ಬಡಿದರೂ ನಮ್ಮ ಬೀದಿಯ ತಂತಿಗಳಲ್ಲಿ ಸಾವಿರಾರು ವೋಲ್ಟಿನ ಒಂದು ಅಲೆ ಏಳಬಹುದು. ಈ ಅಲೆಗೆ 'ಸರ್ಜ್' ಎಂದು ಹೆಸರು.

ಈ ಅಲೆ ಮನೆಯೊಳಗೆ ಬರುವ ದಾರಿಗಳನ್ನು ಎಣಿಸಿ ನೋಡಿ:

• ಕಂಬದಿಂದ ಬರುವ ಬೆಸ್ಕಾಂ ತಂತಿ.
• ಟೆರೇಸಿನ ಮೇಲೆ ಹಾದುಬರುವ ಇಂಟರ್ನೆಟ್ ಕೇಬಲ್. ಎಷ್ಟೋ ಕಡೆ ಪಕ್ಕದ ಕಟ್ಟಡದಲ್ಲಿರುವ ಪೆಟ್ಟಿಗೆಯಿಂದ ನಮ್ಮ ಮನೆಯವರೆಗೆ ತಾಮ್ರದ ಲ್ಯಾನ್ ಕೇಬಲ್ಲನ್ನೇ ಎಳೆದಿರುತ್ತಾರೆ. ಅದು ಹತ್ತಾರು ಮೀಟರ್ ಉದ್ದದ ಆಂಟೆನಾ ಇದ್ದ ಹಾಗೆ.
• ಕೇಬಲ್ ಟಿವಿ ಇಲ್ಲವೇ ಡಿಶ್ ಆಂಟೆನಾದ ದಪ್ಪ ತಂತಿ.
• ಗೇಟಿನ ಬಳಿಯ ಸಿಸಿಟಿವಿ ಕ್ಯಾಮೆರಾದ ತಂತಿ.
• ಸೋಲಾರ್ ವಾಟರ್ ಹೀಟರಿನ ಒಳಗಿರುವ ಕಾಯಿಲ್‌ಗೆ ಹೋಗುವ ತಂತಿ.

ಇನ್ನೊಂದು ಸಂಗತಿ. ಮೋಡೆಮ್ಮಿಗೂ ಟಿವಿಗೂ ಎರಡು ಕಡೆಯಿಂದ ತಂತಿ ಬರುತ್ತದೆ. ಒಂದು ಪವರ್ ತಂತಿ, ಇನ್ನೊಂದು ಸಿಗ್ನಲ್ ತಂತಿ. ಸಿಡಿಲಿನ ಕ್ಷಣದಲ್ಲಿ ಈ ಎರಡರ ವೋಲ್ಟೇಜ್ ಬೇರೆ ಬೇರೆಯಾಗಿರುತ್ತದೆ. ಅವುಗಳ ನಡುವೆ ಸಿಕ್ಕಿಕೊಂಡ ಪುಟ್ಟ ಚಿಪ್ಪು ಸುಡುತ್ತದೆ. ಮೋಡೆಮ್ಮಿನ ದೀಪಗಳೆಲ್ಲ ಉರಿಯುತ್ತಿದ್ದರೂ ಲ್ಯಾನ್ ಪೋರ್ಟ್ ಸತ್ತಿರುವುದು, ಟಿವಿ ಚೆನ್ನಾಗಿದ್ದರೂ ಎಚ್‌ಡಿಎಂಐ ಪೋರ್ಟ್ ಮಾತ್ರ ಹೋಗಿರುವುದು ಇದರ ಗುರುತು. ಪವರ್ ಪ್ಲಗ್ ಮಾತ್ರ ಕಿತ್ತು ಇಂಟರ್ನೆಟ್ ಕೇಬಲ್ ಹಾಗೇ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ ಎನ್ನುವುದೂ ಇದಕ್ಕೇ.

ಮನೆಯವರೆಗೂ ನಿಜವಾದ ಫೈಬರ್ ಬಂದಿದ್ದರೆ ಒಂದು ಅನುಕೂಲವಿದೆ. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ ಹರಿಯುವುದಿಲ್ಲ. ಆದರೆ ಫೈಬರ್ ಕೇಬಲ್ ಜೋತುಬೀಳದಂತೆ ಅದರ ಜೊತೆಗೆ ಉಕ್ಕಿನ ತಂತಿ ಸೇರಿಸಿರುವುದುಂಟು. ಆ ಉಕ್ಕಿನ ತಂತಿಯನ್ನು ಮನೆಯ ಹೊರಗೇ ಕಟ್ಟಿ ನಿಲ್ಲಿಸಲು ಕನೆಕ್ಷನ್ ಕೊಡಲು ಬಂದವರಿಗೆ ಹೇಳಿ. ಮೋಡೆಮ್ಮಿನ ಅಡಾಪ್ಟರ್ ಹೇಗೂ ಗೋಡೆಯ ಸಾಕೆಟ್ಟಿನಲ್ಲೇ ಇರುತ್ತದೆ ಎಂಬುದೂ ನೆನಪಿರಲಿ.

ಸಿಡಿಲಿನ ಹೆಸರಿಗೆ ಬರುವ ಇನ್ನೊಬ್ಬರ ತಪ್ಪು

2024ರ ಜೂನ್ 2ರ ಭಾನುವಾರ ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರಿಂದ ಇದ್ದ ದಾಖಲೆ ಅಂದು ಮುರಿಯಿತು. ಊರಿನಲ್ಲಿ ಮರಗಳು ಉರುಳಿದವು, ಬಡಾವಣೆಗಳು ಕತ್ತಲಾದವು. ಇಂಥ ರಾತ್ರಿಗಳ ಮರುದಿನ 'ಸಿಡಿಲಿಗೆ ಟಿವಿ ಹೋಯಿತು' ಎಂಬ ಮಾತು ಕೇಳಿಬರುತ್ತದೆ. ಎಲ್ಲವೂ ಸಿಡಿಲಿನ ಕೆಲಸವಲ್ಲ. ಬಿದ್ದ ಕೊಂಬೆಯ ಕೆಲಸವೂ ಇರಬಹುದು.

ಅದು ಹೀಗೆ. ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸ್ ತಂತಿ ಮತ್ತು ಒಂದು ನ್ಯೂಟ್ರಲ್ ತಂತಿ ಹೊರಡುತ್ತವೆ. ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಸುಮಾರು 230 ವೋಲ್ಟ್ ಇರುತ್ತದೆ. ಸಿಂಗಲ್ ಫೇಸ್ ಮನೆಗೆ ಸಿಗುವುದು ಇದೇ. ಎರಡು ಫೇಸ್‌ಗಳ ನಡುವೆ ಇರುವುದು 400 ವೋಲ್ಟ್ ಆಸುಪಾಸು. ಗಾಳಿಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಮಾತ್ರ ಕಡಿದರೆ ಅಥವಾ ಅದರ ಜಾಯಿಂಟ್ ಸಡಿಲವಾದರೆ, ಬೇರೆ ಬೇರೆ ಫೇಸಿನ ಮನೆಗಳು ಒಂದಕ್ಕೊಂದು ಸರಪಳಿಯಂತೆ ಕೂಡಿಕೊಳ್ಳುತ್ತವೆ. ಆಗ ಆ 400 ವೋಲ್ಟನ್ನು ಮನೆಗಳು ಹಂಚಿಕೊಳ್ಳುತ್ತವೆ, ಆದರೆ ಸಮವಾಗಿ ಅಲ್ಲ. ಹೆಚ್ಚು ಕರೆಂಟು ಎಳೆಯುತ್ತಿರುವ ಮನೆಗೆ ಕಡಿಮೆ ವೋಲ್ಟೇಜ್. ಒಂದು ಟಿವಿ, ಎರಡು ಬಲ್ಬ್ ಮಾತ್ರ ಹಾಕಿಕೊಂಡು ಕೂತ ಮನೆಗೆ 300, 350, ಕೆಲವೊಮ್ಮೆ 400ರ ಹತ್ತಿರ.

ಕಂಪ್ಯೂಟರಿನ ಪವರ್ ಸಪ್ಲೈ ಪೆಟ್ಟಿಗೆಯೊಳಗಿನ ದೊಡ್ಡ ಕೆಪ್ಯಾಸಿಟರಿನ ಮೇಲೆ ಸಾಮಾನ್ಯವಾಗಿ 400 ಅಥವಾ 450 ವೋಲ್ಟ್ ಎಂದು ಬರೆದಿರುತ್ತದೆ. ಗೋಡೆಯಲ್ಲಿ 400 ವೋಲ್ಟ್ ಬಂದರೆ ಅಲೆಯ ತುದಿಯಲ್ಲಿ ಅದು 560 ವೋಲ್ಟನ್ನೂ ಮೀರುತ್ತದೆ. ಕೆಪ್ಯಾಸಿಟರ್ 'ಡಬ್' ಎಂದು ಒಡೆಯುತ್ತದೆ. ಹೊರಗೆ ಗುಡುಗುತ್ತಿರುತ್ತದೆಯಾದ್ದರಿಂದ ನಾವು ಸಿಡಿಲನ್ನು ಬೈಯುತ್ತೇವೆ.

ನ್ಯೂಟ್ರಲ್ ಹೋದ ಗುರುತುಗಳು ಇವು: ಕೆಲವು ಬಲ್ಬುಗಳು ಎಂದೂ ಇಲ್ಲದಷ್ಟು ಪ್ರಖರವಾಗಿ ಉರಿಯುವುದು ಅಥವಾ ಮಂಕಾಗುವುದು, ಫ್ಯಾನ್ ಇದ್ದಕ್ಕಿದ್ದಂತೆ ಜೋರಾಗಿ ತಿರುಗುವುದು, ನಾವು ಏನೂ ಮಾಡದೆಯೇ ಬೆಳಕು ಏರಿಳಿಯುವುದು. ಇದು ಕಂಡರೆ ಒಂದೊಂದೇ ಸ್ವಿಚ್ ಹುಡುಕುತ್ತಾ ನಿಲ್ಲಬೇಡಿ. ನೇರವಾಗಿ ಮೇನ್ ಸ್ವಿಚ್ ಇಳಿಸಿ, ಪಕ್ಕದ ಮನೆಯವರಿಗೂ ಕೂಗಿ ಹೇಳಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಯಾವ ಪೆಟ್ಟಿಗೆ ಏನು ಮಾಡುತ್ತದೆ?

ಅಂಗಡಿಯಲ್ಲಿ ಸಿಗುವ ರಕ್ಷಣಾ ಸಾಧನಗಳೆಲ್ಲ ಒಂದೇ ಎಂದುಕೊಂಡಿದ್ದರೆ ದುಡ್ಡು ದಂಡ. ಒಂದೊಂದನ್ನೂ ನೋಡೋಣ.

ಸ್ಪೈಕ್ ಬಸ್ಟರ್: ಇದರ ಜೀವಾಳ ವೇರಿಸ್ಟರ್ ಎಂಬ ಬಿಲ್ಲೆ. ಅದನ್ನು ಮುಖ್ಯವಾಗಿ ಸತುವಿನ ಆಕ್ಸೈಡಿನಿಂದ ಮಾಡಿರುತ್ತಾರೆ. ಮಾಮೂಲಿ ವೋಲ್ಟೇಜಿನಲ್ಲಿ ಅದು ಸುಮ್ಮನಿರುತ್ತದೆ. ವೋಲ್ಟೇಜ್ ಒಂದು ಮಿತಿ ದಾಟಿದ ಕೂಡಲೇ ದಾರಿ ತೆರೆದು ಹೊಡೆತವನ್ನು ನ್ಯೂಟ್ರಲ್ ಮತ್ತು ಅರ್ಥ್ ಕಡೆಗೆ ತಿರುಗಿಸುತ್ತದೆ. ಸೆಕೆಂಡಿನ ಲಕ್ಷದ ಒಂದೆರಡು ಭಾಗ ಇರುವ ಹೊಡೆತಕ್ಕೆ ಇದು ಸರಿ. ನ್ಯೂಟ್ರಲ್ ಕಡಿದು ನಿಮಿಷಗಟ್ಟಲೆ 350 ವೋಲ್ಟ್ ಬಂದರೆ ಬಿಲ್ಲೆ ಕಾದು ಸುಡುತ್ತದೆ, ಕಳಪೆ ಮಾಲಾದರೆ ಬೆಂಕಿಯೂ ಹತ್ತಬಹುದು. ಪ್ರತಿ ಹೊಡೆತಕ್ಕೂ ವೇರಿಸ್ಟರ್ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಐದಾರು ವರ್ಷದ ಹಳೆಯ ಸ್ಪೈಕ್ ಬಸ್ಟರಿನ ಕೆಂಪು ದೀಪ ಉರಿಯುತ್ತಿದ್ದ ಮಾತ್ರಕ್ಕೆ ಒಳಗೆ ರಕ್ಷಣೆ ಉಳಿದಿದೆ ಎಂದಲ್ಲ.

ನಾಲ್ಕು ಸಾಕೆಟ್, ಒಂದು ಸ್ವಿಚ್, ಒಂದು ದೀಪ ಇರುವ ಪೆಟ್ಟಿಗೆಯೆಲ್ಲ ಸ್ಪೈಕ್ ಬಸ್ಟರ್ ಅಲ್ಲ. ಎಷ್ಟೋ ಪೆಟ್ಟಿಗೆಗಳು ಬರೀ ಎಕ್ಸ್‌ಟೆನ್ಷನ್ ಬಾಕ್ಸ್. ಎಸ್.ಪಿ. ರಸ್ತೆಯಲ್ಲೇ ಕೊಳ್ಳಿ, ಮನೆಯ ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಕೊಳ್ಳಿ, ಪೆಟ್ಟಿಗೆಯ ಮೇಲೆ ಸರ್ಜ್ ರಕ್ಷಣೆಯ ಪ್ರಮಾಣವನ್ನು ಜೂಲ್ ಅಥವಾ ಕಿಲೋ ಆಂಪಿಯರ್ ಲೆಕ್ಕದಲ್ಲಿ ಬರೆದಿದ್ದಾರೆಯೇ ನೋಡಿ. ಆ ಸಂಖ್ಯೆ ಇಲ್ಲದಿದ್ದರೆ ಅದನ್ನು ಎಕ್ಸ್‌ಟೆನ್ಷನ್ ಬಾಕ್ಸ್ ಎಂದೇ ತಿಳಿಯಿರಿ.

ಸ್ಟೆಬಿಲೈಜರ್: ವೋಲ್ಟೇಜ್ ನಿಧಾನವಾಗಿ ಏರಿಳಿದಾಗ ಸರಿದೂಗಿಸುತ್ತದೆ. ಅದರ ರಿಲೇ 'ಟಕ್' ಎಂದು ಬದಲಾಗುವಷ್ಟರಲ್ಲಿ ಸಿಡಿಲಿನ ಹೊಡೆತ ಬಂದು, ಸುಟ್ಟು, ಮುಗಿದಿರುತ್ತದೆ.

ಯುಪಿಎಸ್: ಕರೆಂಟು ಹೋದಾಗ ಕೆಲವು ನಿಮಿಷ ನಡೆಸುತ್ತದೆ. ಕೆಲಸ ಉಳಿಸಿ ಕಂಪ್ಯೂಟರನ್ನು ಸರಿಯಾಗಿ ಮುಚ್ಚಲು ಅದು ಸಾಕು. ಇದರಿಂದ ಹಾರ್ಡ್ ಡಿಸ್ಕಿನ ಮಾಹಿತಿ ಕೆಡುವುದು ತಪ್ಪುತ್ತದೆ. ಒಳಗೆ ಸಣ್ಣ ವೇರಿಸ್ಟರ್ ಇದ್ದರೂ ಸಿಡಿಲಿಗೆ ಅದೊಂದನ್ನೇ ನಂಬುವಂತಿಲ್ಲ.

ಮನೆಯ ಇನ್ವರ್ಟರ್: ಕರೆಂಟು ಇರುವಾಗ ಇದು ಬೆಸ್ಕಾಂ ವಿದ್ಯುತ್ತನ್ನೇ ನೇರವಾಗಿ ಮುಂದಕ್ಕೆ ಬಿಡುತ್ತದೆ. ಬಂದ ಹೊಡೆತವೂ ಅದೇ ದಾರಿಯಲ್ಲಿ ಮುಂದಕ್ಕೆ ಹೋಗುತ್ತದೆ.

ಎಂಸಿಬಿ ಮತ್ತು ಆರ್‌ಸಿಸಿಬಿ: ಎಂಸಿಬಿ ಇರುವುದು ತಂತಿ ಕಾದು ಬೆಂಕಿ ಹತ್ತದಂತೆ ತಡೆಯಲು. ಆರ್‌ಸಿಸಿಬಿ ಇರುವುದು ಮನುಷ್ಯರಿಗೆ ಶಾಕ್ ಹೊಡೆದು ಜೀವ ಹೋಗದಂತೆ ತಡೆಯಲು. ಎರಡೂ ಮನೆಗೆ ಬೇಕೇ ಬೇಕು. ಆದರೆ ಹೆಚ್ಚಿನ ವೋಲ್ಟೇಜ್ ಬಂತೆಂದು ಇವು ತಾವಾಗಿ ಇಳಿಯುವುದಿಲ್ಲ.

ಎಸ್‌ಪಿಡಿ: ಇದು ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ, ಎಂಸಿಬಿಗಳ ಪಕ್ಕದಲ್ಲೇ ಕೂರುವ ದೊಡ್ಡ ಸ್ಪೈಕ್ ಬಸ್ಟರ್. ಮನೆಗಳಿಗೆ ಸಾಮಾನ್ಯವಾಗಿ 'ಟೈಪ್ 2' ಹಾಕುತ್ತಾರೆ. ತಂತಿಯ ಮೂಲಕ ಬರುವ ಹೊಡೆತದ ಬಹುಭಾಗವನ್ನು ಬಾಗಿಲಲ್ಲೇ ಅರ್ಥ್‌ಗೆ ಇಳಿಸುತ್ತದೆ. ಇದರ ಪುಟ್ಟ ಕಿಟಕಿ ಹಸಿರಿನಿಂದ ಕೆಂಪಾದರೆ ಬದಲಿಸಬೇಕು.

ಓವರ್ ವೋಲ್ಟೇಜ್ ಕಟ್‌ಆಫ್: ಇದೂ ಬೋರ್ಡಿನಲ್ಲೇ ಕೂರುತ್ತದೆ. ವೋಲ್ಟೇಜ್ ನಿಗದಿತ ಮಿತಿ ಮೀರಿದರೆ ಮನೆಯ ಸಂಪರ್ಕವನ್ನೇ ಕಡಿದು, ಸರಿಹೋದ ಮೇಲೆ ಸ್ವಲ್ಪ ಹೊತ್ತು ಕಾದು ಮತ್ತೆ ಜೋಡಿಸುತ್ತದೆ. ನ್ಯೂಟ್ರಲ್ ಕಡಿದಾಗ ಮನೆ ಉಳಿಸುವುದು ಇದು. ಸಿಡಿಲಿನ ಹೊಡೆತಕ್ಕೆ ಎಸ್‌ಪಿಡಿ, ನ್ಯೂಟ್ರಲ್ ತೊಂದರೆಗೆ ಕಟ್‌ಆಫ್, ಕರೆಂಟು ಹೋಗಿ ಬರುವುದಕ್ಕೆ ಯುಪಿಎಸ್ ಎಂದು ನೆನಪಿಟ್ಟರೆ ಸಾಕು.

ಅರ್ಥಿಂಗ್ ಇಲ್ಲದಿದ್ದರೆ ಯಾವ ಪೆಟ್ಟಿಗೆಯೂ ಪೂರ್ತಿ ಕೆಲಸ ಮಾಡದು

ಎಸ್‌ಪಿಡಿಯಾಗಲಿ ಸ್ಪೈಕ್ ಬಸ್ಟರ್ ಆಗಲಿ, ಹೊಡೆತವನ್ನು ನುಂಗುವುದಕ್ಕಿಂತ ಹೆಚ್ಚಾಗಿ ಬೇರೆ ದಾರಿಗೆ ತಿರುಗಿಸುತ್ತದೆ. ತಿರುಗಿಸಲು ದಾರಿ ಬೇಕು. ಆ ದಾರಿಯೇ ಅರ್ಥ್. ಮೋರಿಯೇ ಇಲ್ಲದ ಬೀದಿಯಲ್ಲಿ ಮಳೆನೀರಿಗೆ ತಡೆಗೋಡೆ ಕಟ್ಟಿದರೆ ನೀರು ಎಲ್ಲಿಗೆ ಹೋದೀತು? ಇದೂ ಹಾಗೆಯೇ.

ಪಶ್ಚಿಮ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇದು ದೊಡ್ಡ ಪ್ರಶ್ನೆ. 30–40ರ ಸೈಟಿನಲ್ಲಿ ಮೊದಲು ನೆಲಮಹಡಿ ಕಟ್ಟಿ, ಆಮೇಲೆ ಬಾಡಿಗೆಗೆಂದು ಮೇಲೆ ಎರಡು ಮಹಡಿ ಏರಿಸಿದ ಮನೆಗಳಲ್ಲಿ ಅರ್ಥಿಂಗ್ ಗುಂಡಿ ಯಾವಾಗಲೋ ಕಾಂಕ್ರೀಟಿನ ಕೆಳಗೆ ಹೂತುಹೋಗಿರುತ್ತದೆ. ಮೇಲಿನ ಮಹಡಿಯ ವೈರಿಂಗಿಗೆ ಅರ್ಥ್ ತಂತಿ ಎಳೆದೇ ಇಲ್ಲದಿರುವುದೂ ಉಂಟು. ಸಾಕೆಟ್ಟಿನಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ತಂತಿಯೇ ಇರುವುದಿಲ್ಲ.

ಪತ್ತೆ ಹಚ್ಚುವುದು ಹೇಗೆ? ಡೆಸ್ಕ್‌ಟಾಪ್ ಕಂಪ್ಯೂಟರಿನ ಕಬ್ಬಿಣದ ಮೈ ಮುಟ್ಟಿದಾಗ ಆಗಾಗ 'ಜುಮ್' ಎನ್ನುತ್ತದೆಯೇ? ಅನೇಕರು ಇದನ್ನು ಸಹಜ ಎಂದುಕೊಂಡಿದ್ದಾರೆ. ಸಹಜವಲ್ಲ. ಪವರ್ ಸಪ್ಲೈಯೊಳಗಿನ ಫಿಲ್ಟರಿನಿಂದ ತೀರ ಸಣ್ಣ ಪ್ರಮಾಣದ ವಿದ್ಯುತ್ ಪೆಟ್ಟಿಗೆಯ ಮೈಗೆ ಬರುತ್ತದೆ. ಅರ್ಥ್ ಇದ್ದರೆ ಅದು ಸದ್ದಿಲ್ಲದೆ ನೆಲಕ್ಕೆ ಇಳಿದುಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಬೆರಳಿನ ಮೂಲಕ ಇಳಿಯುತ್ತದೆ. ಆ ಜುಮ್ಮೇ ಅರ್ಥ್ ಇಲ್ಲ ಎನ್ನುವ ಸೂಚನೆ. ಆದರೆ ಪರೀಕ್ಷಿಸಲೆಂದು ಬೇಕಂತಲೇ ಮುಟ್ಟಿ ನೋಡಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದರೆ ಫೇಸ್‌ನಿಂದ ಅರ್ಥ್‌ಗೆ 230ರ ಆಸುಪಾಸು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ತೋರಬೇಕು. ಗುಂಡಿಯ ಪ್ರತಿರೋಧ ಅಳೆಯಲು ಅರ್ಥ್ ಮೆಗ್ಗರ್ ಎಂಬ ಬೇರೆ ಉಪಕರಣ ಇದೆ. ಅರ್ಥಿಂಗ್ ಹೇಗಿರಬೇಕೆಂದು ಹೇಳುವ ಭಾರತೀಯ ಮಾನಕವೇ ಇದೆ, ಅದು ಐಎಸ್ 3043.

ಗುಂಡಿ ಇದ್ದರೆ ಬೇಸಿಗೆಯಲ್ಲಿ ಆಗಾಗ ಅದಕ್ಕೆ ನೀರು ಹಾಕಿ. ಒಣಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ, ಮತ್ತು ನಮ್ಮಲ್ಲಿ ಮೊದಲ ಗುಡುಗುಮಳೆ ಬರುವುದೇ ಮಣ್ಣು ಒಣಗಿ ಬಿರುಕು ಬಿಟ್ಟ ಕಾಲದಲ್ಲಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನೇ ಅರ್ಥ್ ಪಿನ್. ಅದನ್ನು ಮುರಿದು, ಇಲ್ಲವೇ ಎರಡು ಪಿನ್ನಿನ ಕನ್ವರ್ಟರ್ ಹಾಕಿ ಕಂಪ್ಯೂಟರ್ ನಡೆಸಬೇಡಿ.

ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

'ಸ್ವಿಚ್ ಆರಿಸಿದರೆ ಸಾಕು.' ಅರ್ಧ ನಿಜ. ಆರಿಸುವುದರಿಂದ ಸ್ವಲ್ಪ ಲಾಭ ಇದೆ. ಆದರೆ ನಮ್ಮ ಮನೆಯ ಸಾಮಾನ್ಯ ಸ್ವಿಚ್ ಫೇಸ್ ತಂತಿಯನ್ನು ಮಾತ್ರ ಬೇರ್ಪಡಿಸುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ತಂತಿ ಜೋಡಿಸಿಕೊಂಡೇ ಇರುತ್ತವೆ, ಇಂಟರ್ನೆಟ್ ಕೇಬಲ್ಲಿಗಂತೂ ಸ್ವಿಚ್ಚೇ ಇಲ್ಲ. ಸ್ವಿಚ್ಚಿನೊಳಗಿನ ಅಂತರ ಕೆಲವೇ ಮಿಲಿಮೀಟರ್. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದ ಸಿಡಿಲು ತೀರ ಹತ್ತಿರ ಬಡಿದರೆ ಅದನ್ನು ಹಾರುವುದು ಕಷ್ಟವೇನಲ್ಲ. ಪ್ಲಗ್ ಕೀಳುವುದೇ ಸರಿ.

'ಟೆರೇಸಿನಲ್ಲಿ ಲೈಟ್ನಿಂಗ್ ಅರೆಸ್ಟರ್ ಇದೆ, ಒಳಗಿನದೆಲ್ಲ ಸೇಫ್.' ತಪ್ಪು. ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲಿ ಸೂಚಿಸಿದ ಮಿಂಚುಕೋಲು ಕಟ್ಟಡವನ್ನೂ ಅದರೊಳಗಿನ ಜನರನ್ನೂ ಕಾಪಾಡುತ್ತದೆ. ಅದರ ಮೂಲಕ ಸಿಡಿಲು ನೆಲಕ್ಕಿಳಿಯುವಾಗ ಪಕ್ಕದ ತಂತಿಗಳಲ್ಲಿ ವೋಲ್ಟೇಜ್ ಹುಟ್ಟುವುದು ತಪ್ಪುವುದಿಲ್ಲ. ಸಿಡಿಲು ರಕ್ಷಣೆಯ ಮಾನಕವಾದ ಐಎಸ್/ಐಇಸಿ 62305ರಲ್ಲಿ ಕಟ್ಟಡದೊಳಗಿನ ಎಲೆಕ್ಟ್ರಾನಿಕ್ ವ್ಯವಸ್ಥೆಗೆಂದೇ ಪ್ರತ್ಯೇಕ ಭಾಗ ಇರುವುದು ಇದಕ್ಕೇ. ಅಪಾರ್ಟ್‌ಮೆಂಟಿನ ಅರೆಸ್ಟರ್ ಜೊತೆಗೆ ಎಸ್‌ಪಿಡಿಯೂ ಬೇಕು.

'ಮೊಬೈಲ್ ಸಿಡಿಲನ್ನು ಎಳೆಯುತ್ತದೆ.' ತಪ್ಪು. ಮೊಬೈಲಿನ ಅಲೆಗಳು ಸಿಡಿಲನ್ನು ಕರೆಯುವುದಿಲ್ಲ. ಮನೆಯೊಳಗೆ, ಚಾರ್ಜರಿಗೆ ಸಿಕ್ಕಿಸದ ಮೊಬೈಲಿನಲ್ಲಿ ಮಾತನಾಡಬಹುದು. ಚಾರ್ಜಿಗೆ ಹಾಕಿಕೊಂಡು ಮಾತನಾಡುವುದು ಮತ್ತು ತಂತಿ ಇರುವ ಲ್ಯಾಂಡ್‌ಲೈನ್ ಹಿಡಿಯುವುದು ಅಪಾಯ. ಕಾರಣ ಫೋನಲ್ಲ, ಅದಕ್ಕೆ ಅಂಟಿದ ತಂತಿ.

'ಒಮ್ಮೆ ಬಡಿದ ಕಡೆ ಸಿಡಿಲು ಮತ್ತೆ ಬಡಿಯದು.' ತಪ್ಪು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ವರ್ಷಕ್ಕೆ ಸರಾಸರಿ ಇಪ್ಪತ್ತಕ್ಕೂ ಹೆಚ್ಚು ಸಲ ಬಡಿಯುತ್ತದೆ. ಹೋದ ವರ್ಷ ಮೋಡೆಮ್ ಸುಟ್ಟ ಮನೆಯಲ್ಲಿ ಈ ವರ್ಷವೂ ಸುಡಬಹುದು, ತಂತಿ ಬಂದಿರುವ ದಾರಿ ಅದೇ ತಾನೆ?

'ಅರ್ಜುನನ ಹತ್ತು ಹೆಸರು ಹೇಳಿದರೆ ಸಿಡಿಲು ಬಡಿಯದು.' ಅಜ್ಜಿಯಂದಿರು ಹೇಳಿಕೊಟ್ಟ ಈ ರೂಢಿಯಿಂದ ಹೆದರಿದ ಮಕ್ಕಳಿಗೆ ಧೈರ್ಯ ಬರುತ್ತದೆ, ಬರಲಿ. ಹೆಸರು ಹೇಳುತ್ತಾ ಮನೆಯೊಳಗೇ ಇದ್ದರೆ ಇನ್ನೂ ಒಳ್ಳೆಯದು. ಕಂಪ್ಯೂಟರಿನ ಪ್ಲಗ್ ಮಾತ್ರ ಮೊದಲೇ ಕಿತ್ತಿರಬೇಕು.

ಪ್ಲಗ್ ಕೀಳುವುದು ಯಾವಾಗ? ಇದು ಜೀವದ ಪ್ರಶ್ನೆ

ಫಾರ್ವರ್ಡ್‌ಗಳಲ್ಲಿ ಹೇಳದೇ ಬಿಟ್ಟುಹೋಗುವ ಮುಖ್ಯ ಮಾತು ಇದು. ಸಿಡಿಲು ತಲೆಯ ಮೇಲೆಯೇ ಅಬ್ಬರಿಸುತ್ತಿರುವಾಗ ಎದ್ದು ಹೋಗಿ ಪ್ಲಗ್ ಕೀಳಬೇಡಿ. ತಂತಿಯಲ್ಲಿ ಹೊಡೆತ ಬರುವುದೂ ನಿಮ್ಮ ಕೈ ಪ್ಲಗ್ಗಿನ ಮೇಲಿರುವುದೂ ಒಂದೇ ಕ್ಷಣವಾದರೆ ಹೋಗುವುದು ಕಂಪ್ಯೂಟರ್ ಮಾತ್ರ ಅಲ್ಲ.

ದೂರ ಅಳೆಯುವುದು ಸುಲಭ. ಮಿಂಚು ಕಂಡಕೂಡಲೇ ಎಣಿಸಲು ಶುರು ಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಹಾಗಾಗಿ ಎಣಿಸಿದ ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಸಿಗುತ್ತದೆ. 30 ಸೆಕೆಂಡ್ ಬಂದರೆ 10 ಕಿಲೋಮೀಟರ್, ಅಂದರೆ ಕೆಂಗೇರಿಯ ಮೇಲಿನ ಮೋಡದ ಮಿಂಚು ರಾಜಾಜಿನಗರದಲ್ಲಿ ಕಂಡಷ್ಟು. ಎಣಿಕೆ 30ಕ್ಕಿಂತ ಕಡಿಮೆಯಾದರೆ ಮಳೆ ನಿಮ್ಮ ಮೇಲೆ ಬಂತೆಂದೇ ಲೆಕ್ಕ. ಕೀಳುವ ಕೆಲಸ ಅದಕ್ಕೂ ಮೊದಲೇ ಮುಗಿದಿರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ ಮತ್ತೆ ಸಿಕ್ಕಿಸಬಹುದು.

ಪ್ರತಿ ಸಲ ಎಣಿಸುತ್ತಾ ಕೂರಬೇಕಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ನೀವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗಿನ ಸಿಡಿಲಿನ ಮಾಹಿತಿ ಕೊಡುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಕೂಡ ಇದೆ. ಇನ್ನೂ ಸುಲಭದ ಅಭ್ಯಾಸ: ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಾಹ್ನ ಮೋಡ ಕಟ್ಟಿದರೆ, ಅಥವಾ ಸಂಜೆಗೆ ಮನೆಯಲ್ಲಿ ಯಾರೂ ಇರುವುದಿಲ್ಲವಾದರೆ, ಬೆಳಿಗ್ಗೆಯೇ ಕಿತ್ತಿಟ್ಟು ಹೊರಡುವುದು.

ಕೀಳಲು ತಡವಾಯಿತೇ? ಹಾಗೇ ಬಿಟ್ಟುಬಿಡಿ. ತಂತಿ ಇರುವ ಕೀಬೋರ್ಡ್, ಹೆಡ್‌ಫೋನ್ ಮುಟ್ಟಬೇಡಿ. ನಲ್ಲಿ, ಶವರ್ ಬಳಸಬೇಡಿ. ಟೆರೇಸಿನ ಸೋಲಾರ್ ಹೀಟರಿನಿಂದ ಕೊಳವೆ ಇಳಿದು ಬಚ್ಚಲುಮನೆಗೇ ಬಂದಿರುತ್ತದೆ. ಆ ಹೊತ್ತಿನಲ್ಲೂ ಆಫೀಸಿನ ಕೆಲಸ ನಡೆಯಲೇಬೇಕೆಂದರೆ ಚಾರ್ಜರ್ ಕಿತ್ತ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಹಾಟ್‌ಸ್ಪಾಟ್ ಸುರಕ್ಷಿತ ಜೋಡಿ.

ಕರೆಂಟು ಹೋಗಿದ್ದರೂ ಕೀಳಬೇಕೇ? ಕೀಳಬೇಕು. ತಂತಿ ಆಗಲೂ ತಂತಿಯೇ, ಸಿಡಿಲಿನ ಹೊಡೆತ ಬರುವುದು ನಿಲ್ಲುವುದಿಲ್ಲ. ಕರೆಂಟು ಮರಳಿದ ಮೊದಲ ಕೆಲವು ನಿಮಿಷ ವೋಲ್ಟೇಜ್ ಏರಿಳಿಯುವುದೂ ಉಂಟು. ದೀಪದ ಬೆಳಕು ಐದು ನಿಮಿಷ ಅಲುಗಾಡದೆ ನಿಂತ ಮೇಲೆ ಕಂಪ್ಯೂಟರ್ ಹಚ್ಚಿ.

ಖರ್ಚು ಮಾಡುವುದಾದರೆ ಯಾವುದು ಮೊದಲು?

1. ಖರ್ಚಿಲ್ಲದ್ದು: ಪ್ಲಗ್ ಮತ್ತು ಕೇಬಲ್ ಕೀಳುವ ಅಭ್ಯಾಸ. ಕಂಪ್ಯೂಟರ್ ಮೇಜಿನ ಹಿಂದೆ ಕೈ ಹೋಗದ ಜಾಗದಲ್ಲಿ ಪ್ಲಗ್ ಇದ್ದರೆ ಯಾರೂ ಕೀಳುವುದಿಲ್ಲ, ಕೈಗೆ ಸಿಗುವಂತೆ ಇಡಿ. ಮೋಡೆಮ್ಮಿನಿಂದ ಕಂಪ್ಯೂಟರಿಗೆ ತಂತಿಯ ಬದಲು ವೈಫೈ ಬಳಸಿದರೆ ಮೋಡೆಮ್ ಸುಟ್ಟರೂ ಹೊಡೆತ ಕಂಪ್ಯೂಟರಿಗೆ ದಾಟುವುದಿಲ್ಲ.
2. ಅರ್ಥಿಂಗ್ ಪರೀಕ್ಷೆ, ದುರಸ್ತಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಕೇಳಿ. ಇದು ಕಂಪ್ಯೂಟರಿಗಿಂತ ಮೊದಲು ಮನೆಯವರ ಜೀವಕ್ಕೆ ಬೇಕಾದದ್ದು.
3. ಬೋರ್ಡಿನಲ್ಲಿ ಓವರ್ ವೋಲ್ಟೇಜ್ ಕಟ್‌ಆಫ್ ಮತ್ತು ಟೈಪ್ 2 ಎಸ್‌ಪಿಡಿ. ಎಸ್‌ಪಿಡಿಯಿಂದ ಅರ್ಥ್‌ಗೆ ಹೋಗುವ ತಂತಿ ಗಿಡ್ಡವಾಗಿ, ನೇರವಾಗಿ ಇರಲಿ. ಸೀಲ್ ಮಾಡಿದ ಮೀಟರ್ ಪೆಟ್ಟಿಗೆಗೆ ಕೈ ಹಾಕಬೇಡಿ, ಈ ಕೆಲಸ ಲೈಸೆನ್ಸ್ ಇರುವವರದ್ದು.
4. ಮೇಜಿನ ಬಳಿ ಒಳ್ಳೆಯ ಸ್ಪೈಕ್ ಬಸ್ಟರ್, ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್.

ಇವೆಲ್ಲಕ್ಕೂ ಸಮನಾದದ್ದು ಇನ್ನೊಂದಿದೆ, ಅದು ಬ್ಯಾಕಪ್. ಕಂಪ್ಯೂಟರ್ ಹೋದರೆ ಇನ್ನೊಂದು ಕೊಳ್ಳಬಹುದು. ತೀರಿಹೋದ ತಂದೆಯ ಫೋಟೋ, ಮಗಳ ನಾಮಕರಣದ ವಿಡಿಯೋ, ಅಂಗಡಿಯ ಲೆಕ್ಕ ಕೊಳ್ಳಲು ಸಿಗುವುದಿಲ್ಲ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿಕೊಂಡು, ಕಂಪ್ಯೂಟರಿನಿಂದ ಕಿತ್ತು ಬೀರುವಿನಲ್ಲಿಡಿ. ಸದಾ ಸಿಕ್ಕಿಸಿಟ್ಟ ಡಿಸ್ಕು ಕಂಪ್ಯೂಟರಿನ ಜೊತೆಗೇ ಸುಡುತ್ತದೆ.

ಸುಟ್ಟೇಹೋದರೆ?

ಸುಟ್ಟ ವಾಸನೆ ಬಂದರೆ ಮತ್ತೆ ಮತ್ತೆ ಹಚ್ಚಿ ನೋಡಬೇಡಿ. ಪ್ಲಗ್ ಕಿತ್ತು ರಿಪೇರಿಯವರಿಗೆ ತೋರಿಸಿ. ಎಷ್ಟೋ ಸಲ ಪವರ್ ಸಪ್ಲೈ ಪೆಟ್ಟಿಗೆ ಮಾತ್ರ ಸತ್ತು ಹಾರ್ಡ್ ಡಿಸ್ಕು ಉಳಿದಿರುತ್ತದೆ. 'ಎಲ್ಲ ಹೋಗಿದೆ, ಹೊಸದು ತಗೊಳ್ಳಿ' ಎಂದರೆ ಹಳೆಯ ಡಿಸ್ಕನ್ನು ಮಾತ್ರ ಬಿಟ್ಟುಕೊಡದೆ ಬೇರೆ ಕಂಪ್ಯೂಟರಿಗೆ ಹಾಕಿಸಿ ನೋಡಿ.

ವಾರಂಟಿ ಇದೆ, ವಿಮೆ ಇದೆ ಎಂಬ ಧೈರ್ಯವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಸಿಡಿಲು, ವೋಲ್ಟೇಜ್ ಏರುಪೇರಿನ ಹಾನಿಯನ್ನು ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಟ್ಟಿರುತ್ತಾರೆ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಮಾದರಿಯ ಗೃಹವಿಮೆಯಲ್ಲಿ ಸಿಡಿಲಿಗೆ ರಕ್ಷಣೆ ಇದೆ. ಆದರೆ ಹೆಚ್ಚಿನ ವೋಲ್ಟೇಜ್ ಅಥವಾ ಶಾರ್ಟ್ ಸರ್ಕ್ಯೂಟ್‌ನಿಂದ ಸುಟ್ಟ ಆ ವಿದ್ಯುತ್ ಉಪಕರಣವನ್ನು, ಅದಕ್ಕೆ ಸಿಡಿಲೇ ಕಾರಣವಾಗಿದ್ದರೂ, ಹೊರಗಿಡುವ ಷರತ್ತೂ ಅದರಲ್ಲಿದೆ. ಉಪಕರಣಕ್ಕೆಂದೇ ಬೇರೆ ರಕ್ಷಣೆ ಬೇಕಾದರೆ ಪಾಲಿಸಿ ಕೊಳ್ಳುವಾಗಲೇ ಕೇಳಿ, ಬರಹದಲ್ಲಿ ಪಡೆಯಿರಿ.

ಹಂಚಿಕೊಳ್ಳುವುದಾದರೆ ಇಷ್ಟನ್ನು ಹಂಚಿಕೊಳ್ಳಿ

• ಸ್ವಿಚ್ ಆರಿಸಿದರೆ ಸಾಲದು. ಪವರ್ ಪ್ಲಗ್, ಇಂಟರ್ನೆಟ್ ಕೇಬಲ್, ಟಿವಿ ಕೇಬಲ್ ಮೂರನ್ನೂ ಕೀಳಿ.
• ಗುಡುಗು ಹತ್ತಿರ ಬರುವ ಮೊದಲೇ ಕೀಳಿ. ಹತ್ತಿರ ಬಂದ ಮೇಲೆ ಮುಟ್ಟಬೇಡಿ.
• ಬಲ್ಬು ವಿಪರೀತ ಪ್ರಖರವಾದರೆ ಮೇನ್ ಸ್ವಿಚ್ ಇಳಿಸಿ, 1912ಕ್ಕೆ ಕರೆ ಮಾಡಿ.
• ಕಂಪ್ಯೂಟರ್ ಮುಟ್ಟಿದರೆ ಜುಮ್ ಎಂದರೆ ಅರ್ಥಿಂಗ್ ಪರೀಕ್ಷೆ ಮಾಡಿಸಿ.
• ಬ್ಯಾಕಪ್ ಡಿಸ್ಕು ಬೀರುವಿನಲ್ಲಿರಲಿ, ಕಂಪ್ಯೂಟರಿನಲ್ಲಲ್ಲ.